ಗೊರೂರಿನ ಹುಡುಗನೂ ಹೆಡ್ ಮಾಸ್ತರರ ಒಂದು ಕಾಗದವೂ



ಮೊನ್ನೆ ರಜೆಯಲ್ಲಿ ಕಿಣತ್ತುಕಡವಿನ ನೆಂಟರ ಮನೆಗೆ ಹೋಗಿದ್ದೆ. ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಇದು. ಟೊಮೆಟೊ ಮಾರುಕಟ್ಟೆ, ತೆಂಗಿನ ತೋಟ. ತಲೆಮಾರುಗಳ ಹಿಂದೆ ಈ ಕಡೆಗೆ ಬಂದು ನೆಲೆಸಿದ ಕನ್ನಡದ ಕುಟುಂಬಗಳು ಕೊಯಮತ್ತೂರು ಸೀಮೆಯಲ್ಲಿ ಬಹಳ ಇವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲವೇ!

ಊಟ ಮುಗಿಸಿ ಕೂತಾಗ ಟಿವಿಯಲ್ಲಿ 'ಸೂರರೈ ಪೋಟ್ರು' ಬರುತ್ತಿತ್ತು. 2020ರಲ್ಲಿ ಬಂದ ಸೂರ್ಯ ಅವರ ಸಿನಿಮಾ. ಬಡವರನ್ನೂ ವಿಮಾನ ಹತ್ತಿಸುತ್ತೇನೆ ಎಂದು ಹೊರಟ ಹಳ್ಳಿ ಹುಡುಗನ ಕತೆ. ಮನೆಯ ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಮಾವ, ಇದು ನಿಜವಾಗಿ ನಡೆದದ್ದಂತೆ. ಅವರು ಮದುರೆ ಕಡೆಯವರಂತೆ, ಹೌದಾ?" ಎಂದು ಕೇಳಿದ.

"ಕತೆ ನಿಜ ಕಣಪ್ಪ. ಆದರೆ ಊರು ಮದುರೆ ಅಲ್ಲ, ಹಾಸನದ ಗೊರೂರು. ಅವರು ಕನ್ನಡ ಶಾಲೆಯಲ್ಲಿ ಓದಿ ಬೆಳೆದವರು" ಎಂದೆ. ಅವನಿಗೆ ನಂಬಿಕೆಯೇ ಬರಲಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳೋಣ ಅನ್ನಿಸಿತು.

ಗೊರೂರು ಎಂದ ಕೂಡಲೇ ನಮಗೆ ನೆನಪಾಗುವವರು ಡಾ. ಗೊರೂರು ರಾಮಸ್ವಾಮಿ ಅಯ್ಯಂಗಾರರು. 1951ರ ನವೆಂಬರ್ 13ರಂದು ಹುಟ್ಟಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಬೆಳೆದದ್ದೂ ಅದೇ ಹೇಮಾವತಿ ದಂಡೆಯ ಊರಿನಲ್ಲಿ. ತಂದೆ ಶಾಲಾ ಮಾಸ್ತರರು, ಜೊತೆಗೆ ಬೇಸಾಯ. ಮಾಸ್ತರರಾಗಿದ್ದರೂ ಮಗನನ್ನು ಬೇಗ ಶಾಲೆಗೆ ಕಳಿಸಲಿಲ್ಲ. ಮನೆಯಲ್ಲೇ ಓದು ಕಲಿಸಿ ನೇರವಾಗಿ ಐದನೇ ತರಗತಿಗೆ ಸೇರಿಸಿದರು. ಹಳ್ಳಿಯ ಕನ್ನಡ ಶಾಲೆ ಅದು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ವಿಜಾಪುರದಲ್ಲಿ (ಈಗಿನ ವಿಜಯಪುರ) 1963ರಲ್ಲಿ ಸೈನಿಕ ಶಾಲೆ ಆರಂಭವಾಯಿತು. ಅದಕ್ಕೆ ಸೇರುವವರು ಯಾರು ಎಂದು ಕೇಳಿದಾಗ ಈ ಹುಡುಗ ಕೈ ಎತ್ತಿದ. ಪ್ರವೇಶ ಪರೀಕ್ಷೆಗೆ ಹೋದ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಓದಿದ ಹುಡುಗ ಏನು ಬರೆದಾನು? ಫೇಲಾದ. ನೂರಕ್ಕೆ ತೊಂಬತ್ತೊಂಬತ್ತು ಕತೆಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಅವರ ಶಾಲೆಯ ಹೆಡ್ ಮಾಸ್ತರರು ಸುಮ್ಮನಾಗಲಿಲ್ಲ. ಹಳ್ಳಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟರೆ ಅವರು ಬರುವುದು ಹೇಗೆ ಎಂದು ಮೇಲಿನವರಿಗೆ ಕಾಗದ ಬರೆದರು. ಮತ್ತೆ ಪರೀಕ್ಷೆ ನಡೆಯಿತು, ಈ ಸಲ ಕನ್ನಡದಲ್ಲಿ. ಅದೇ ಹುಡುಗ ಪಾಸಾದ! ಇದನ್ನು ಗೋಪಿನಾಥ್ ಅವರೇ ಹೇಳಿಕೊಂಡಿದ್ದಾರೆ.

ಯೋಚನೆ ಮಾಡಿ. ಎರಡು ಪರೀಕ್ಷೆಗಳ ನಡುವೆ ಹುಡುಗನ ಬುದ್ಧಿಯೇನೂ ಬದಲಾಗಿರಲಿಲ್ಲ. ಬದಲಾದದ್ದು ಪ್ರಶ್ನೆಯ ಭಾಷೆ ಒಂದೇ.

ಅಲ್ಲಿಂದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಆಮೇಲೆ ಭೂಸೇನೆಯ ಅಧಿಕಾರಿ. (ಸಿನಿಮಾದಲ್ಲಿ ವಾಯುಪಡೆ ಎಂದು ತೋರಿಸಿದ್ದಾರೆ.) 1971ರ ಬಾಂಗ್ಲಾ ಯುದ್ಧ ಕಂಡರು. ಸುಮಾರು ಎಂಟು ವರ್ಷ ಸೇವೆ ಮಾಡಿ, ಇನ್ನೂ ಮೂವತ್ತು ತುಂಬುವ ಮೊದಲೇ ಕ್ಯಾಪ್ಟನ್ ಹುದ್ದೆ ಬಿಟ್ಟು ಊರಿಗೆ ಬಂದರು.

ಬಂದರೆ ಊರಲ್ಲಿ ಹೊಲವೇ ಇಲ್ಲ! ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ್ದರು. 1979ರ ಹೊತ್ತಿಗೆ ಮುಗಿದ ಆ ಜಲಾಶಯದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರಿನಡಿ ಇವರ ಮನೆತನದ ಜಮೀನೂ ಹೋಯಿತು. ಬದಲಿಗೆ ಸರ್ಕಾರ ಕೊಟ್ಟದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿಯ ಬರಡು ನೆಲ. ಕ್ರಿಕೆಟಿಗ ಶ್ರೀನಾಥ್ ಹೆಸರಿನ ಜೊತೆಗಿರುವ ಅದೇ ಜಾವಗಲ್.

ಇದನ್ನು ಹೇಳುವಾಗ ಪಕ್ಕದಲ್ಲಿ ಕೂತಿದ್ದ ಹಿರಿಯರು ಸುಮ್ಮನಾದರು. ಪೊಳ್ಳಾಚಿ ಸೀಮೆಗೆ ಪರಂಬಿಕ್ಕುಳಂ-ಆಳಿಯಾರ್ ಯೋಜನೆಯ ನೀರು ಬಂದ ಮೇಲೆ ಬೇಸಾಯಕ್ಕೆ ಜೀವ ಬಂತು ಎಂಬುದು ಇಲ್ಲಿ ಎಲ್ಲರ ಮಾತು. "ಅಣೆಕಟ್ಟು ಅಂದ್ರೆ ನಮಗೆ ನೀರು ಬಂದದ್ದೇ ಗೊತ್ತು ಮೇಷ್ಟ್ರೇ. ಮುಳುಗಿದವರ ಕಡೆ ನಾವು ನೋಡಿಲ್ಲ" ಎಂದರು.

ಜಾವಗಲ್‌ನಲ್ಲಿ ಕ್ಯಾಪ್ಟನ್ ಗುಡಾರ ಹಾಕಿಕೊಂಡು ಇದ್ದರು. ಕರೆಂಟಿಲ್ಲ, ರಸ್ತೆಯಿಲ್ಲ, ನೀರು ಹೊತ್ತು ತರಬೇಕು. ತೆಂಗು ನೆಟ್ಟರು. ಹಸು ಸಾಕಿದರು, ಬಾಳೆ ಬೆಳೆದರು. ಮೊದಲ ವರ್ಷಗಳಲ್ಲಿ ಸೋಲಿನ ಮೇಲೆ ಸೋಲು, ಸಾಲದ ಮೇಲೆ ಸಾಲ. ರೈತರಿಗೆ ಇದೇನು ಹೊಸದೇ? ಗೊಬ್ಬರ, ಔಷಧಿ, ಕೂಲಿ ಎಲ್ಲಕ್ಕೂ ಸುರಿದ ಮೇಲೆ ಕೈಯಲ್ಲಿ ಉಳಿಯುವುದು ಏನೂ ಇಲ್ಲ ಎಂಬ ಲೆಕ್ಕ ಅವರಿಗೂ ಅರ್ಥವಾಯಿತು. ಜಪಾನಿನ ಫುಕುವೋಕ ಅವರ ಸಹಜ ಕೃಷಿಯ ವಿಚಾರ ಓದಿ ದಾರಿ ಬದಲಿಸಿದರು. ರಾಸಾಯನಿಕ ಬಿಟ್ಟು, ಬಿದ್ದ ಎಲೆ ಗರಿಗಳನ್ನು ನೆಲಕ್ಕೇ ಹೊದಿಸಿ, ಖರ್ಚು ಇಳಿಸುವ ಬೇಸಾಯಕ್ಕೆ ಹೊರಳಿದರು. ರೇಷ್ಮೆಯಲ್ಲೂ ಅದೇ ಪದ್ಧತಿ. ರೇಷ್ಮೆ ಹುಳ ಎಷ್ಟು ಸೂಕ್ಷ್ಮ ಎಂಬುದು ಸಾಕಿದವರಿಗೆ ಗೊತ್ತು. ಔಷಧಿ ಹೊಡೆದ ಹಿಪ್ಪುನೇರಳೆ ಸೊಪ್ಪು ಹಾಕಿದರೆ ತಟ್ಟೆಗೆ ತಟ್ಟೆಯೇ ಸಾಯುತ್ತದೆ. ಪರಿಸರಕ್ಕೆ ಹೊಂದುವ ಈ ರೇಷ್ಮೆ ಕೃಷಿಗೆ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ಬಂತು. ಗಮನಿಸಿ, ಲೋಕ ಅವರನ್ನು ಮೊದಲು ಗುರುತಿಸಿದ್ದು ವಿಮಾನಕ್ಕಲ್ಲ, ಬೇಸಾಯಕ್ಕೆ!

ನಡುವೆ ಹಾಸನದಲ್ಲಿ ಮೋಟಾರ್ ಸೈಕಲ್ ಮಾರಿದರು, ಹೋಟೆಲ್ ನಡೆಸಿದರು. ಸಾರ್ವಜನಿಕ ಜೀವನಕ್ಕೂ ಇಳಿದು 1994ರಲ್ಲಿ ವಿಧಾನಸಭೆಗೆ, ಮುಂದೆ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತರು. ಎರಡೂ ಸಲ ಸೋತರು.

ವಿಮಾನದ ಕತೆ ಎಲ್ಲರಿಗೂ ಗೊತ್ತು, ಚುಟುಕಾಗಿ ಹೇಳುತ್ತೇನೆ. 1997ರಲ್ಲಿ ಸೇನೆಯ ಗೆಳೆಯರೊಂದಿಗೆ ಹೆಲಿಕಾಪ್ಟರ್ ಕಂಪನಿ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್. ಮೊದಲ ಹಾರಾಟ ಬೆಂಗಳೂರಿನಿಂದ ಹುಬ್ಬಳ್ಳಿಗೆ. ವಿಮಾನದ ಗುರುತು ಆರ್. ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'. ಒಂದು ರೂಪಾಯಿಯ ಟಿಕೆಟ್ಟನ್ನೂ ಮಾರಿದರು. ನಷ್ಟ ತಾಳದೆ 2007ರಲ್ಲಿ ಪಾಲು ಮಾರಬೇಕಾಯಿತು. ಕಂಪನಿ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು, 2012ರಲ್ಲಿ ಅದೂ ನಿಂತಿತು. ಕಂಪನಿ ಉಳಿಯಲಿಲ್ಲ. ಆದರೆ ವಿಮಾನ ದೊಡ್ಡವರಿಗೆ ಮಾತ್ರ ಎಂಬ ಮಾತೂ ಉಳಿಯಲಿಲ್ಲ.

ಇಷ್ಟು ಕೇಳಿದ ಹುಡುಗ, "ಮಾವ, ಆ ಹೆಡ್ ಮಾಸ್ತರರು ಕಾಗದ ಬರೆಯದೆ ಇದ್ದಿದ್ರೆ?" ಎಂದ. ನಾನು ಉತ್ತರ ಕೊಡಲಿಲ್ಲ. ಕಾರಣ ಇದೆ, ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳನ್ನು ಒಂದು ಸ್ಪರ್ಧಾ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಕನ್ನಡದ ಪ್ರಶ್ನೆಪತ್ರಿಕೆ ಬಂದಿರಲಿಲ್ಲ. ಮಕ್ಕಳು ನನ್ನ ಮುಖ ನೋಡಿದರು. "ಗೊತ್ತಿದ್ದಷ್ಟು ಬರೀರಿ" ಎಂದೆ. ಯಾರೂ ಪಾಸಾಗಲಿಲ್ಲ. ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ ಹುಡುಗಿ ಒಬ್ಬಳು ಅವರಲ್ಲಿದ್ದಳು. ವಾಪಸು ಬಂದು ದೂರು ಬರೆಯಬೇಕು ಎಂದುಕೊಂಡೆ. ನಾಳೆ ಬರೆಯೋಣ ಎಂದುಕೊಂಡೆ. ಬರೆಯಲೇ ಇಲ್ಲ. ಗೊರೂರಿನ ಆ ಹೆಡ್ ಮಾಸ್ತರರ ನೆನಪಾದಾಗಲೆಲ್ಲ ಆ ಹುಡುಗಿಯ ಮುಖವೂ ನೆನಪಾಗುತ್ತದೆ.

ಆದ್ದರಿಂದ ಈ ಮಾತನ್ನು ಪೋಷಕರಿಗೂ ಸಹೋದ್ಯೋಗಿಗಳಿಗೂ ಹೇಳಲೇಬೇಕು. ಕಿಣತ್ತುಕಡವಿನಿಂದ ದೂರವಿಲ್ಲದ ಉಡುಮಲಪೇಟೆ ತಾಲ್ಲೂಕಿನ ಅಮರಾವತಿನಗರದಲ್ಲಿ 1962ರಿಂದ ಸೈನಿಕ ಶಾಲೆ ಇದೆ. ಈಗ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಆರನೇ ತರಗತಿಯ ಅಖಿಲ ಭಾರತ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಒಂಬತ್ತನೇ ತರಗತಿಗಾದರೆ ಇಂಗ್ಲಿಷ್ ಮಾತ್ರ. ಹಾಗಾಗಿ ಐದನೇ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಿಸಿ. ಅರ್ಜಿಯಲ್ಲಿ ಭಾಷೆಯ ಜಾಗದಲ್ಲಿ ಕನ್ನಡ ಎಂದು ಬರೆಯಲು ಮರೆಯಬೇಡಿ.

ಎಲ್ಲಾದರೂ ಕನ್ನಡದ ಪ್ರಶ್ನೆಪತ್ರಿಕೆ ಬಾರದಿದ್ದರೆ ಅಂದೇ ಸಂಜೆ ಒಂದು ಕಾಗದ ಬರೆಯಿರಿ. ನಾನೂ ಇನ್ನು ಬರೆಯುತ್ತೇನೆ.

ಹೊರಡುವಾಗ ಆ ಹುಡುಗ ಬಸ್ ಸ್ಟ್ಯಾಂಡಿನವರೆಗೂ ಬಂದ. "ಮಾವ, ನಾನೂ ಆ ಪರೀಕ್ಷೆ ಬರೀತೀನಿ. ಆದ್ರೆ ನನಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ" ಎಂದ. "ತಮಿಳಿನಲ್ಲೂ ಬರೆಯಬಹುದು, ಬರಿ. ಕನ್ನಡ ಅಕ್ಷರ ನಾನು ಕಲಿಸ್ತೀನಿ" ಎಂದೆ. ಮುಂದಿನ ರಜೆಗೆ ಒಂದು ಕಾಗುಣಿತದ ಪುಸ್ತಕ ತೆಗೆದುಕೊಂಡು ಹೋಗಬೇಕು.