ಕ್ಷೇತ್ರಗಣಿತ ಮತ್ತು ಸೂತ್ರಧಾರನ ರೇಖೆ: ಗಣಿತಸಾರಸಂಗ್ರಹದ ಕೆಲವು ಸಾಕ್ಷ್ಯಗಳು

ಬಸದಿಯಾಗಲಿ, ಕೆರೆಯಾಗಲಿ, ಕೋಟೆಯಾಗಲಿ ನಿರ್ಮಾಣಗೊಳ್ಳುವ ಮೊದಲು ಅದರ ಆಕೃತಿ, ಅಳತೆ ಮತ್ತು ದ್ರವ್ಯಪ್ರಮಾಣಗಳು ನಿಶ್ಚಿತವಾಗಬೇಕು. ಇಂದಿನ ಯಂತ್ರಶಿಲ್ಪಿಗಳು ಇದನ್ನು ನಕ್ಷೆಯ ಮೂಲಕ ಸಾಧಿಸುತ್ತಾರೆ. ಪ್ರಾಚೀನರು ಇದನ್ನು ಹೇಗೆ ಸಾಧಿಸಿದರೆಂಬ ಪ್ರಶ್ನೆಗೆ ಉತ್ತರವನ್ನು ವಿದ್ವಾಂಸರು ಬಹುಮಟ್ಟಿಗೆ ವಾಸ್ತುಗ್ರಂಥಗಳಲ್ಲಿಯೇ ಅರಸಿದ್ದಾರೆ. ಗಣಿತಗ್ರಂಥಗಳ ಕಡೆಗೆ ಹರಿದ ದೃಷ್ಟಿ ಕಡಿಮೆ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ರಚಿತವಾದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ. ಗಣಿತಪ್ರಶಂಸೆಯಲ್ಲಿ ಆಚಾರ್ಯರು ಗಣಿತಕ್ಕೆ ಋಣಿಯಾದ ವಿದ್ಯೆಗಳನ್ನು ಎಣಿಸುವಾಗ ವಾಸ್ತುವಿದ್ಯೆಯನ್ನು ಮರೆತಿಲ್ಲ.

ಮೊದಲನೆಯದು ಮಾನದ ವಿಚಾರ. ಪರಮಾಣುವಿನಿಂದ ತೊಡಗಿ ಅಂಗುಲದವರೆಗೆ ಏರುವ ಕ್ಷೇತ್ರಪರಿಭಾಷೆ ಆಗಮಜ್ಞರಿಗೆ ಸುಪರಿಚಿತವೇ. 6 ಅಂಗುಲಕ್ಕೆ ಒಂದು ಪಾದ, 2 ಪಾದಕ್ಕೆ ಒಂದು ವಿತಸ್ತಿ, 2 ವಿತಸ್ತಿಗೆ ಒಂದು ಹಸ್ತ, 4 ಹಸ್ತಕ್ಕೆ ಒಂದು ದಂಡ. ವ್ಯವಹಾರಾಂಗುಲ, ಅದರ 500ರಷ್ಟಾದ ಪ್ರಮಾಣಾಂಗುಲ, ಆಯಾ ಕಾಲದ ಮನುಷ್ಯರ ಆತ್ಮಾಂಗುಲ ಎಂಬ ಮೂರು ಭೇದಗಳನ್ನು ಕೇವಲ ಲೋಕವರ್ಣನೆಯ ಅಂಗವೆಂದು ಭಾವಿಸುವುದು ವಾಡಿಕೆ. ಆದರೆ ಅಳೆಯಬೇಕಾದ ವಸ್ತುವಿಗೆ ತಕ್ಕಂತೆ ಮಾನವೂ ಬದಲಾಗಬೇಕೆಂಬ ವಿವೇಕ ಇಲ್ಲಿದೆ. ನಕ್ಷಾಶಾಸ್ತ್ರದ ಮೊದಲ ಪಾಠವೂ ಇದೇ.

ಆರನೆಯ ವ್ಯವಹಾರವಾದ ಕ್ಷೇತ್ರಗಣಿತದಲ್ಲಿ ಯವ, ಮುರಜ, ಪಣವ, ವಜ್ರ, ಶಂಖ, ನೇಮಿ, ಗಜದಂತ ಮೊದಲಾದ ಕ್ಷೇತ್ರಗಳು ಉಕ್ತವಾಗಿವೆ. ಈ ಹೆಸರುಗಳು ಕಾವ್ಯಾಲಂಕಾರವಲ್ಲ. ಮುರಜವೆಂದರೆ ನಡುವೆ ಉಬ್ಬಿದ ಆಕೃತಿ, ಪಣವವೆಂದರೆ ನಡುವೆ ಸೊರಗಿದುದು. ಹೆಸರನ್ನು ಕೇಳಿದೊಡನೆ ಶಿಷ್ಯನ ಮನಸ್ಸಿನಲ್ಲಿ ರೇಖೆ ಮೂಡುತ್ತದೆ. ಗುರುವು ಧೂಳಿನ ಪಾಟಿಯ ಮೇಲೆ ಎಳೆದ ಚಿತ್ರವು ಅಂದೇ ಅಳಿಯುತ್ತಿತ್ತು; ತಾಳೆಗರಿಯ ಕಿರಿದಾದ ಅಗಲದಲ್ಲಿ ಅದಕ್ಕೆ ಎಡೆಯೂ ಕಡಿಮೆ. ಉಳಿಯುವುದು ಶ್ಲೋಕವೊಂದೇ ಆದಾಗ ಚಿತ್ರದ ಕೆಲಸವನ್ನು ಹೆಸರೇ ಮಾಡಬೇಕಾಯಿತೆಂದು ಊಹಿಸುವುದು ಅನುಚಿತವಾಗದು.

ಇದೇ ಪ್ರಕರಣದಲ್ಲಿ ಫಲಗಳು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆ. ವೃತ್ತದ ಪರಿಧಿಗೆ ವ್ಯಾವಹಾರಿಕವಾಗಿ ವ್ಯಾಸದ 3ರಷ್ಟು, ಸೂಕ್ಷ್ಮವಾಗಿ 10ರ ವರ್ಗಮೂಲದಷ್ಟು. 10 ಹಸ್ತ ವ್ಯಾಸದ ಪೀಠಕ್ಕೆ ಮೊದಲನೆಯದರಿಂದ 30 ಹಸ್ತ, ಎರಡನೆಯದರಿಂದ ಸುಮಾರು 31.62 ಹಸ್ತ ಬರುತ್ತದೆ. ನಿಜವಾದ ಪರಿಧಿ ಸುಮಾರು 31.42. ಮೊದಲ ಲೆಕ್ಕವನ್ನೇ ನಂಬಿ ಅಂಚುಗಲ್ಲುಗಳನ್ನು ಕಡಿದ ಶಿಲ್ಪಿಗೆ ಒಂದೂವರೆ ಹಸ್ತಕ್ಕೆ ಸಮೀಪದ ಕೊರತೆ ಬೀಳುವುದು. ಎರಡನೆಯದನ್ನು ಅನುಸರಿಸಿದವನಿಗೆ ಉಳಿಯುವುದು ಸುಮಾರು 5 ಅಂಗುಲ. ಉಳಿದುದನ್ನು ಉಳಿಯಿಂದ ತೆಗೆಯಬಹುದು, ಕೊರತೆಯನ್ನು ತುಂಬುವುದು ಕಷ್ಟ.

ಎಲ್ಲಕ್ಕಿಂತ ಮಹತ್ತ್ವದ ಸ್ಥಳವು ಖಾತವ್ಯವಹಾರದಲ್ಲಿದೆ. ಮೇಲೆ ಅಗಲವಾಗಿ, ತಳದಲ್ಲಿ ಕಿರಿದಾಗಿ ಅಗೆದ ಹೊಂಡದ ಘನಫಲವನ್ನು ಮೂರು ಮೆಟ್ಟಿಲುಗಳಲ್ಲಿ ತಿಳಿಸಲಾಗಿದೆ. ಮುಖ ಮತ್ತು ತಳಗಳ ಬಾಹುಗಳ ಸರಾಸರಿಯಿಂದ ಬರುವುದು ಕರ್ಮಾಂತಿಕಫಲ. ಎರಡು ಕ್ಷೇತ್ರಫಲಗಳ ಸರಾಸರಿಯಿಂದ ಬರುವುದು ಔಂಡ್ರಫಲ. ಇವೆರಡರ ಅಂತರದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ. ಉದಾಹರಣಾರ್ಥವಾಗಿ ಮುಖದಲ್ಲಿ 10 ಹಸ್ತ, ತಳದಲ್ಲಿ 4 ಹಸ್ತ, ಆಳ 9 ಹಸ್ತವುಳ್ಳ ಸಮಚತುರಸ್ರ ಹೊಂಡವನ್ನು ತೆಗೆದುಕೊಂಡರೆ ಕರ್ಮಾಂತಿಕಫಲ 441, ಔಂಡ್ರಫಲ 522, ಅಂತರ 81, ಅದರ ಮೂರನೆಯ ಭಾಗ 27, ಸೂಕ್ಷ್ಮಫಲ 468 ಘನಹಸ್ತ. ಆಧುನಿಕ ಗಣಿತವೂ ಇದನ್ನೇ ಕೊಡುತ್ತದೆ. ಕರ್ಮಾಂತಿಕವೆಂಬ ಹೆಸರು ಕಾಮಗಾರಿಯ ಸ್ಥಳವನ್ನು ನೆನಪಿಸುತ್ತದೆ. ಕೆಲಸಗಾರರ ಲೆಕ್ಕವನ್ನು ಆಚಾರ್ಯರು ತಿರಸ್ಕರಿಸಲಿಲ್ಲ, ಅದನ್ನೇ ತಿದ್ದಿ ಸೂಕ್ಷ್ಮವನ್ನು ಪಡೆದರು. 27 ಘನಹಸ್ತ ಮಣ್ಣಿನ ಕೂಲಿ ಯಾರ ಪಾಲಿಗೂ ಅಲ್ಪವಲ್ಲ.

ರೇಖೆಯ ಪ್ರತ್ಯಕ್ಷ ಸಾಕ್ಷ್ಯ ದೊರೆಯುವುದು ಮಧ್ಯಪ್ರದೇಶದ ಭೋಜಪುರದಲ್ಲಿ. 11ನೆಯ ಶತಮಾನದ ಪರಮಾರ ಭೋಜನ ಅಪೂರ್ಣ ಶಿವಾಲಯದ ಸುತ್ತಲಿನ ಬಂಡೆಗಳ ಮೇಲೆ ತಲವಿನ್ಯಾಸ, ಕಂಬ, ಶಿಖರಗಳ ರೇಖಾಚಿತ್ರಗಳು ಕೊರೆಯಲ್ಪಟ್ಟಿವೆ. ಸಮೀಪದಲ್ಲಿ ಅಪೂರ್ಣ ಜಿನಾಲಯವೂ ಇದೆ. ಕಾರ್ಯ ನಡುವೆಯೇ ನಿಂತುದರಿಂದ ಈ ಗೆರೆಗಳು ಅಳಿಯದೆ ಉಳಿದಿರಬೇಕು. ಭೋಜನದೆಂದು ಪ್ರಸಿದ್ಧವಾದ ಸಮರಾಂಗಣಸೂತ್ರಧಾರದ ಯಂತ್ರಾಧ್ಯಾಯವಂತೂ ಘಟನಾಕ್ರಮವನ್ನು ಅಜ್ಞಾನದಿಂದಲ್ಲ, ಗೋಪ್ಯತೆಗಾಗಿ ಬಿಟ್ಟಿರುವುದಾಗಿ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಗ್ರಂಥದಲ್ಲಿ ಚಿತ್ರವಿಲ್ಲದಿರುವುದು ಚಿತ್ರವೇ ಇರಲಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು.

ಈ ಪರಂಪರೆಯನ್ನು ಉತ್ತರದಲ್ಲಿ ಮುಂದುವರಿಸಿದ ಜೈನಗ್ರಂಥಕಾರ ಠಕ್ಕುರ ಫೇರು. ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಅಧಿಕಾರಿಯಾಗಿದ್ದ ಈತನು 1315ರಲ್ಲಿ ಪ್ರಾಕೃತದಲ್ಲಿ ವಾಸ್ತುಸಾರವನ್ನು ರಚಿಸಿ, ಗೃಹ, ಬಿಂಬ, ಪ್ರಾಸಾದಗಳೆಂಬ ಮೂರು ಪ್ರಕರಣಗಳಲ್ಲಿ ವಿಷಯವನ್ನು ವಿಂಗಡಿಸಿದನು. ಆತನ ಗಣಿತಸಾರದಲ್ಲಿ ಗೋಡೆ, ಸೇತುವೆಗಳ ಜತೆಗೆ ಗುಮ್ಮಟ, ಮಿನಾರುಗಳ ಘನಫಲವೂ ಸೇರಿದೆ; ಹೊಸ ಕಟ್ಟಡಗಳು ಬಂದಾಗ ಹಳೆಯ ಶಾಸ್ತ್ರ ಹಿಂದೆ ಸರಿಯಲಿಲ್ಲ.

ಗಣಿತಸಾರಸಂಗ್ರಹವನ್ನು ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದಾಗ ಕನ್ನಡ ಲಿಪಿಯ ತಾಳೆಗರಿ ಪ್ರತಿಗಳು ನೆರವಾಗಿದ್ದವು. 12ನೆಯ ಶತಮಾನದ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಇಂತಹ ಪ್ರತಿಗಳ ಅಂಚಿನಲ್ಲಿ ಲಿಪಿಕಾರನು ಗೀಚಿದ ತ್ರಿಕೋಣವೋ ಅರ್ಧವೃತ್ತವೋ ಕಂಡಾಗ ಅದನ್ನು ಪಾಠದಂತೆಯೇ ಸೂಚೀಪತ್ರದಲ್ಲಿ ದಾಖಲಿಸಬೇಕು. ಅಕ್ಷರವನ್ನು ಮಾತ್ರ ಎತ್ತಿಕೊಂಡು ಗೆರೆಯನ್ನು ಕೈಬಿಟ್ಟ ನಕಲಿನಿಂದ, ಮೂಲದ ಗರಿ ಮುರಿದ ಮೇಲೆ, ಆ ಗೆರೆಯನ್ನು ಮರಳಿ ಪಡೆಯುವುದು ಅಸಾಧ್ಯ.