ಗದ್ದೆಯ ಕೆಸರಿನಿಂದ ರಕ್ತಕ್ಕೆ: ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಮೆಲಿಯಾಯ್ಡೋಸಿಸ್ ಗುರುತಿನ ಇತಿಹಾಸ

ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದ ಮರಣ ಲೆಕ್ಕಗಳಲ್ಲಿ ಕಾಲರಾ, ಸಿಡುಬು, ಅತಿಸಾರಗಳಂಥ ಹೆಸರುಳ್ಳ ರೋಗಗಳಿಗೆ ಪ್ರತ್ಯೇಕ ಅಂಕಣಗಳಿದ್ದವು. ಅವುಗಳ ಪಕ್ಕದಲ್ಲಿ ‘ಜ್ವರಗಳು’ ಎಂಬ ವಿಶಾಲವಾದ ಇನ್ನೊಂದು ಅಂಕಣವಿತ್ತು. ಸಾವನ್ನು ಬರೆದುಕೊಳ್ಳುತ್ತಿದ್ದ ಗ್ರಾಮಾಧಿಕಾರಿ ವೈದ್ಯನಾಗಿರಲಿಲ್ಲ. ಮೈ ಸುಟ್ಟು ಸತ್ತವರೆಲ್ಲ ಬಹುಮಟ್ಟಿಗೆ ಆ ಒಂದೇ ಅಂಕಣಕ್ಕೆ ಸೇರುತ್ತಿದ್ದರು. ಅದರೊಳಗೆ ಮಲೇರಿಯ, ವಿಷಮಶೀತಜ್ವರ, ಇಲಿಜ್ವರಗಳು ಬೆರೆತಿದ್ದವೆಂದು ಊಹಿಸುವುದು ಕಷ್ಟವಲ್ಲ. ಇವುಗಳ ಜೊತೆಗೆ, ಕರಾವಳಿಯ ಪ್ರಯೋಗಾಲಯಗಳು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಗುರುತಿಸದಿದ್ದ ಮತ್ತೊಂದು ರೋಗವನ್ನೂ ಪರಿಗಣಿಸಬೇಕಾಗುತ್ತದೆ. ಅದು ಮೆಲಿಯಾಯ್ಡೋಸಿಸ್. ಈ ರೋಗವು ಕುಂದಾಪುರ ಸೀಮೆಗೆ ಯಾವಾಗ ಬಂತೆಂಬ ಪ್ರಶ್ನೆಗೆ ದಾಖಲೆಗಳು ಉತ್ತರ ಕೊಡಲಾರವು. ಅದು ಯಾಕೆ ಇಷ್ಟು ಕಾಲ ಕಾಣಲಿಲ್ಲ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿದೆ. ಆ ಉತ್ತರದ ಅರ್ಧ ಭಾಗ ಪ್ರಯೋಗಾಲಯದ ಚರಿತ್ರೆಯಲ್ಲಿದ್ದರೆ, ಉಳಿದರ್ಧ ಮನುಷ್ಯನ ರಕ್ತದಲ್ಲಿದೆ.

ಈ ರೋಗಕ್ಕೆ ಕಾರಣವಾದ ಬರ್ಖೋಲ್ಡೇರಿಯ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯ ಮೂಲತಃ ಮಣ್ಣಿನ ಜೀವಿ. ನೀರು ನಿಂತ ಗದ್ದೆ, ಜೌಗು, ಮಳೆಗಾಲದ ಕೆಸರು ಇದರ ನೆಲೆ. ಕಾಲಿನ ಗಾಯ, ಉಸಿರಾಟ ಅಥವಾ ಕುಡಿಯುವ ನೀರಿನ ಮೂಲಕ ಅದು ದೇಹವನ್ನು ಸೇರುತ್ತದೆ. ಪಂಚಗಂಗಾವಳಿಯು ಸಮುದ್ರ ಸೇರುವ ಗಂಗೊಳ್ಳಿಯಿಂದ ಉತ್ತರಕ್ಕೆ ಬೈಂದೂರಿನವರೆಗೆ, ದಕ್ಷಿಣಕ್ಕೆ ಸೀತಾ ಹೊಳೆಯ ಬಯಲು ದಾಟಿ ಬ್ರಹ್ಮಾವರದವರೆಗೆ, ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಸೀಮೆಯಲ್ಲಿ ಅಂಥ ನೆಲೆಗೆ ಕೊರತೆಯಿಲ್ಲ. ಬೆಟ್ಟು, ಮಜಲು, ಬೈಲು ಎಂದು ನೆಲವನ್ನು ನೀರಿನ ಲೆಕ್ಕದಲ್ಲೇ ವಿಂಗಡಿಸಿದ ನಾಡು ಇದು. ನಾಟಿಯ ದಿನಗಳಲ್ಲಿ ತಲೆಗೂ ಬೆನ್ನಿಗೂ ಗೊರಬಿನ ರಕ್ಷಣೆಯಿತ್ತು. ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತ ಬರಿಗಾಲಿಗೆ ಯಾವ ರಕ್ಷಣೆಯೂ ಇರಲಿಲ್ಲ. ಆಸಾಡಿಯನ್ನು ಹಸಿವಿನ ಮತ್ತು ಕಾಯಿಲೆಯ ತಿಂಗಳೆಂದು ಇಲ್ಲಿನ ಜನ ಕಂಡುಕೊಂಡಿದ್ದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಈ ರೋಗವೂ ಒಂದೆಂದು ಹೇಳುವಷ್ಟು ಆಧಾರವಿಲ್ಲ, ಹಾಗೆ ಹೇಳುವುದು ಚರಿತ್ರೆಯ ಶಿಸ್ತಿಗೂ ಒಪ್ಪುವುದಿಲ್ಲ.

ರೋಗದ ಲಿಖಿತ ಚರಿತ್ರೆ ಆರಂಭವಾಗುವುದು ಬಂಗಾಳ ಕೊಲ್ಲಿಯ ಆಚೆಗೆ. 1911ರಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವನ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ, ಮಾರ್ಫಿಯ ಚುಚ್ಚಿಕೊಳ್ಳುತ್ತಿದ್ದ ಬಡವರ ಶ್ವಾಸಕೋಶ, ಯಕೃತ್ತು ಮತ್ತು ಗುಲ್ಮಗಳಲ್ಲಿ ವಿಚಿತ್ರವಾದ ಕೀವುಗಡ್ಡೆಗಳನ್ನು ಕಂಡರು. ಕುದುರೆಗಳಿಗೆ ಬರುವ ಗ್ಲಾಂಡರ್ಸ್ ರೋಗವನ್ನು ಅದು ಹೋಲುತ್ತಿತ್ತು. ಆದರೆ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯ ಚಲಿಸುತ್ತಿತ್ತು, ಬೇಗ ಬೆಳೆಯುತ್ತಿತ್ತು. ಗ್ಲಾಂಡರ್ಸ್ ಬ್ಯಾಕ್ಟೀರಿಯಕ್ಕೆ ಈ ಗುಣಗಳಿಲ್ಲ. ಇವರ ವರದಿ 1912ರಲ್ಲಿ ಕಲ್ಕತ್ತೆಯ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1917ರಲ್ಲಿ ಕೃಷ್ಣಸ್ವಾಮಿ ಅದೇ ಪತ್ರಿಕೆಯಲ್ಲಿ ಬರೆದ ಲೇಖನವು ಇದನ್ನು ಮಾರ್ಫಿಯ ಚುಚ್ಚಿಕೊಳ್ಳುವವರ ರಕ್ತನಂಜು ಎಂದು ಕರೆಯಿತು. ರೋಗದ ಹೆಸರಿನಲ್ಲೇ ರಕ್ತ ಬಂದುದು ಗಮನಾರ್ಹ. ಕೌಲಾಲಂಪುರದ ಸ್ಟಾಂಟನ್ ಮತ್ತು ಫ್ಲೆಚರ್ 1921ರಲ್ಲಿ ಇದಕ್ಕೆ ಮೆಲಿಯಾಯ್ಡೋಸಿಸ್ ಎಂಬ ಹೆಸರು ಕೊಟ್ಟರು.

ಬರ್ಮವು 1937ರವರೆಗೆ ಬ್ರಿಟಿಷ್ ಇಂಡಿಯದ ಒಂದು ಪ್ರಾಂತವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಆಡಳಿತದ ದೃಷ್ಟಿಯಿಂದ ಇದು ಭಾರತದಲ್ಲಿ ಕಂಡುಹಿಡಿದ ರೋಗ. ವರದಿಯಾದದ್ದು ಭಾರತದ ಪತ್ರಿಕೆಯಲ್ಲಿ. ಕಂಡುಹಿಡಿದವರಲ್ಲಿ ಒಬ್ಬನ ಹೆಸರು ದಕ್ಷಿಣ ಭಾರತದ್ದು. 1927ರಲ್ಲಿ ಸಿಲೋನಿನಿಂದಲೂ ವರದಿ ಬಂತು. ಇಷ್ಟಾದರೂ ಇಂದಿನ ಭಾರತದೊಳಗಿನ ಮೊದಲ ಪ್ರಕರಣವೆಂದು ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದು 1991ರಲ್ಲಿ ಮುಂಬಯಿಯಿಂದ ವರದಿಯಾದ ಒಂದು ಮಗುವಿನ ಪ್ರಕರಣ. ರಂಗೂನಿಗೂ ಮುಂಬಯಿಗೂ ನಡುವೆ ಎಂಬತ್ತು ವರ್ಷಗಳ ಮೌನ. ಮಣ್ಣು, ಮಳೆ, ಭತ್ತ ಎಲ್ಲವೂ ಒಂದೇ ಬಗೆಯದಾಗಿರುವಾಗ ಬ್ಯಾಕ್ಟೀರಿಯ ಮಾತ್ರ ಗಡಿಯಲ್ಲಿ ನಿಂತಿತೆಂದು ನಂಬುವುದು ಕಷ್ಟ.

ಮೌನಕ್ಕೆ ಮೊದಲ ಕಾರಣ ಸರಳವಾದುದು. ಈ ಬ್ಯಾಕ್ಟೀರಿಯವನ್ನು ದೀರ್ಘಕಾಲ ಸ್ಯೂಡೋಮೊನಾಸ್ ಎಂಬ ದೊಡ್ಡ ಕುಲದಲ್ಲಿ ಸೇರಿಸಲಾಗಿತ್ತು. ಬರ್ಖೋಲ್ಡೇರಿಯ ಎಂಬ ಪ್ರತ್ಯೇಕ ಕುಲ ರಚನೆಯಾದದ್ದು 1992ರಲ್ಲಿ. ಸ್ಯೂಡೋಮೊನಾಸ್‌ಗಳು ನೀರಿನಲ್ಲೂ ನೆಲದಲ್ಲೂ ಎಲ್ಲೆಡೆ ಇರುವುದರಿಂದ, ಕಲ್ಚರ್ ತಟ್ಟೆಯಲ್ಲಿ ಅಂಥದ್ದೊಂದು ಬೆಳೆದರೆ ಹೊರಗಿನಿಂದ ಬೆರೆತ ಕಲ್ಮಶವೆಂದು ತಟ್ಟೆಯನ್ನು ಎಸೆಯುವುದು ಅಪರೂಪವಲ್ಲ. ಜೆಂಟಾಮೈಸಿನ್‌ಗೆ ಬಗ್ಗದ, ಆದರೆ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುವ ತಳಿ ಸಿಕ್ಕಾಗ ಅನುಮಾನಪಡಬೇಕೆಂಬ ಸುಳಿವು ಗೊತ್ತಿದ್ದವರಿಗೆ ಮಾತ್ರ ಅದು ಕಾಣುತ್ತದೆ. ಕ್ಷ-ಕಿರಣದಲ್ಲಿ ಶ್ವಾಸಕೋಶದ ಕಲೆಯನ್ನು ಕಂಡ ವೈದ್ಯರು, ಕ್ಷಯರೋಗ ಹೆಚ್ಚಿರುವ ದೇಶದಲ್ಲಿ, ಮೊದಲು ಕ್ಷಯವನ್ನೇ ಯೋಚಿಸುವುದು ಸಹಜ. ತಪ್ಪು ಔಷಧಿಯಲ್ಲಿ ಕಳೆದುಹೋಗುವ ವಾರಗಳೇ ಅನೇಕ ರೋಗಿಗಳಿಗೆ ಮಾರಕವಾಗುತ್ತವೆ.

ಎರಡನೆಯ ಕಾರಣ ಹೆಚ್ಚು ಆಳವಾದುದು. ತಟ್ಟೆಯಲ್ಲಿ ಬೆಳೆಯಬೇಕಾದರೆ ಬ್ಯಾಕ್ಟೀರಿಯ ಮೊದಲು ರಕ್ತದ ಮಾದರಿಯಲ್ಲಿರಬೇಕು. ಥಾಯ್ಲೆಂಡಿನ ರೋಗಿಗಳ ರಕ್ತವನ್ನು ಎಣಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡ ಮಧ್ಯಮ ಸಂಖ್ಯೆ ಒಂದು ಮಿಲಿಲೀಟರಿಗೆ ಹೆಚ್ಚು ಕಡಿಮೆ ಒಂದು ಬ್ಯಾಕ್ಟೀರಿಯ ಮಾತ್ರ. ಮನುಷ್ಯನನ್ನು ಕೊಲ್ಲುವ ರಕ್ತನಂಜಿನ ನಡುವೆಯೂ ಕೊಲೆಗಾರನ ಸುಳಿವು ಅಷ್ಟು ವಿರಳ. ಕಲ್ಚರ್ ಪರೀಕ್ಷೆಯು ರೋಗವಿರುವ ನೂರು ಮಂದಿಯಲ್ಲಿ ಸುಮಾರು ಅರವತ್ತು ಮಂದಿಯಲ್ಲಷ್ಟೇ ಅದನ್ನು ಹಿಡಿಯುತ್ತದೆಂದು ಅಂದಾಜು.

ರಕ್ತದ ರಕ್ಷಣೆಯ ಬಗ್ಗೆ ವಿಜ್ಞಾನವು ತಿಳಿದುಕೊಂಡದ್ದು ಹಂತಹಂತವಾಗಿ. 1882ರಲ್ಲಿ ಮೆಸಿನಾದಲ್ಲಿ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗಳಲ್ಲಿ ಹೊರವಸ್ತುವನ್ನು ಮುತ್ತುವ ಭಕ್ಷಕ ಕಣಗಳನ್ನು ಕಂಡನು. ರಕ್ತದ್ರವದಲ್ಲಿರುವ ಪೂರಕ ಪ್ರೋಟೀನುಗಳ ಅರಿವು ಅದೇ ಶತಮಾನದ ಕೊನೆಗೆ ಮೂಡಿತು. ಪೂರಕ ಪ್ರೋಟೀನು ಬ್ಯಾಕ್ಟೀರಿಯದ ಮೈಗೆ ಅಂಟಿ ಗುರುತು ಹಾಕುತ್ತದೆ. ಆ ಗುರುತನ್ನು ಹಿಡಿದು ಬಿಳಿ ರಕ್ತಕಣವು ಅದನ್ನು ನುಂಗುತ್ತದೆ. 2004ರಲ್ಲಿ ಬರ್ಲಿನ್ನಿನ ಸಂಶೋಧಕರು ಇನ್ನೊಂದು ಅಸ್ತ್ರವನ್ನು ತೋರಿಸಿಕೊಟ್ಟರು: ನ್ಯೂಟ್ರೋಫಿಲ್ ಎಂಬ ಬಿಳಿಕಣವು ತನ್ನ ಡಿ.ಎನ್.ಎ. ಎಳೆಗಳನ್ನೇ ಬೀಸುಬಲೆಯಂತೆ ಹೊರಚೆಲ್ಲಿ ಬ್ಯಾಕ್ಟೀರಿಯಗಳನ್ನು ಹಿಡಿಯುತ್ತದೆ.

ಗದ್ದೆಯ ಈ ಬ್ಯಾಕ್ಟೀರಿಯ ಪ್ರತಿಯೊಂದು ಹಂತಕ್ಕೂ ಒಂದು ಪ್ರತ್ಯುತ್ತರವನ್ನು ಇಟ್ಟುಕೊಂಡಿದೆ. ಅದರ ಮೈಸುತ್ತಲಿನ ಸಕ್ಕರೆಯ ಕವಚವು ಪೂರಕ ಪ್ರೋಟೀನಿನ ಗುರುತು ಅಂಟದಂತೆ ತಡೆಯುತ್ತದೆ. ಬಿಳಿಕಣವು ನುಂಗಿದರೂ ಅದು ಜೀರ್ಣಕೋಶದಂಥ ಆ ಪೊಟ್ಟಣವನ್ನು ಒಡೆದು ಕಣದ್ರವಕ್ಕೆ ಬರುತ್ತದೆ, ಕಣದ ಆಕ್ಟಿನ್ ಎಂಬ ಪ್ರೋಟೀನನ್ನೇ ಬಾಲವಾಗಿ ಕಟ್ಟಿಕೊಂಡು ಪಕ್ಕದ ಕಣಕ್ಕೆ ನುಗ್ಗುತ್ತದೆ. ಹೊರಗೆ ಬಾರದೆಯೇ ಕಣದಿಂದ ಕಣಕ್ಕೆ ದಾಟುವುದರಿಂದ ರಕ್ತದ್ರವದಲ್ಲಿ ಅದು ವಿರಳವಾಗಿಯೇ ಉಳಿಯುತ್ತದೆ. ಕಾವಲುಗಾರನ ಹೆಗಲ ಮೇಲೆ ಕುಳಿತು ಊರು ಸುತ್ತುವ ಕಳ್ಳನ ಸ್ಥಿತಿ ಇದು.

ಮೂರನೆಯ ಉಪಾಯವೇ ಜೈವಿಕ ಪದರ, ಅಂದರೆ ಬಯೋಫಿಲ್ಮ್. ಹಲ್ಲಿನ ಪಾಚಿಯಲ್ಲಿ ಗುಂಪುಗೂಡಿದ ಜೀವಿಗಳನ್ನು ಲೇವೆನ್‌ಹುಕ್ ಹದಿನೇಳನೆಯ ಶತಮಾನದಲ್ಲೇ ಕಂಡಿದ್ದನಾದರೂ, ಬ್ಯಾಕ್ಟೀರಿಯಗಳು ಒಂಟಿಯಾಗಿ ತೇಲುವುದಕ್ಕಿಂತ ತಾವೇ ಸ್ರವಿಸಿದ ಲೋಳೆಯೊಳಗೆ ಒಟ್ಟಾಗಿ ಅಂಟಿಕೊಂಡು ಬಾಳುವುದೇ ಹೆಚ್ಚೆಂಬ ತಿಳಿವಳಿಕೆ ವ್ಯಾಪಕವಾದುದು 1978ರ ಬಳಿಕ, ವಿಲಿಯಂ ಕಾಸ್ಟರ್ಟನ್ ಮತ್ತು ಸಂಗಡಿಗರ ಬರಹಗಳಿಂದ. ಅದೇ ಕಾಸ್ಟರ್ಟನ್ ಥಾಯ್ಲೆಂಡಿನ ಸಂಶೋಧಕರೊಡನೆ ಸೇರಿ 1993ರಲ್ಲಿ ಪ್ರಕಟಿಸಿದ ಪ್ರಯೋಗವು, ಪದರ ಕಟ್ಟಿದ ಮೆಲಿಯಾಯ್ಡೋಸಿಸ್ ಬ್ಯಾಕ್ಟೀರಿಯವು ಸೆಫ್ಟಾಜಿಡಿಮ್ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲವೆಂದು ತೋರಿಸಿತು. ಥಾಯ್ಲೆಂಡಿನಲ್ಲಿ ಈ ರೋಗದ ಸಾವುಗಳನ್ನು ಅರ್ಧಕ್ಕೆ ಇಳಿಸಿದುದಾಗಿ 1989ರಲ್ಲಿ ವರದಿಯಾಗಿದ್ದ ಔಷಧಿ ಅದು. ಲೋಳೆಯ ಒಳಗಿನ ಬ್ಯಾಕ್ಟೀರಿಯಗಳು ನಿಧಾನವಾಗಿ ಬೆಳೆಯುತ್ತವೆ. ಬಿಳಿಕಣಕ್ಕೆ ಒಂದು ಗುಂಪನ್ನು ಇಡಿಯಾಗಿ ನುಂಗಲಾಗುವುದಿಲ್ಲ. ಈ ಲೋಳೆಯ ಹಂದರದಲ್ಲಿಯೂ ಡಿ.ಎನ್.ಎ. ಎಳೆಗಳಿವೆ ಎಂಬುದು ಕುತೂಹಲಕರ: ಹಿಡಿಯುವವನ ಬಲೆಯೂ ಅಡಗುವವನ ಗೋಡೆಯೂ ಒಂದೇ ನೂಲಿನವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹರಿಯುವ ರಕ್ತದಲ್ಲಿ ಪದರ ತೇಲುತ್ತದೆಂದು ಭಾವಿಸಬಾರದು. ರಕ್ತವು ಈ ಬ್ಯಾಕ್ಟೀರಿಯಕ್ಕೆ ದಾರಿ. ಮನೆಯಾಗುವುದು ಯಕೃತ್ತು, ಗುಲ್ಮ, ಪ್ರಾಸ್ಟೇಟ್, ಮೂಳೆಗಳ ಕೀವುಗಡ್ಡೆ. ಪದರದ ಬಗೆಗಿನ ಪ್ರಯೋಗಗಳಲ್ಲಿ ಬಹುಪಾಲು ಗಾಜು, ಪ್ಲಾಸ್ಟಿಕ್ ಮತ್ತು ಬೆಳೆಸಿದ ಕಣಗಳ ಮೇಲೆ ನಡೆದವು. ಹಾಗಿದ್ದರೂ ಥಾಯ್ಲೆಂಡಿನ ರೋಗಿಗಳ ತಳಿಗಳನ್ನು ಹೋಲಿಸಿದ 2014ರ ಅಧ್ಯಯನವು ಪದರ ಕಟ್ಟುವ ಸಾಮರ್ಥ್ಯಕ್ಕೂ ರೋಗ ಮರುಕಳಿಸುವುದಕ್ಕೂ ಸಂಬಂಧವಿದೆಯೆಂದು ಕಂಡಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದ ಒಬ್ಬನಲ್ಲಿ 62 ವರ್ಷಗಳ ಬಳಿಕ ರೋಗ ಪ್ರಕಟವಾದ ಪ್ರಕರಣ 2005ರಲ್ಲಿ ವರದಿಯಾಗಿದೆ. ಮಳೆಗಾಲದ ಜ್ವರವೊಂದು ವಾಸಿಯಾಯಿತೆಂದು ಮನೆಗೆ ಹೋದವನು ಮತ್ತೆ ಅದೇ ರೋಗದಿಂದ ಬಂದರೆ, ಎರಡು ಜ್ವರಗಳ ನಡುವಿನ ಸಂಬಂಧವನ್ನು ಹಳೆಯ ಕಾಲದ ಯಾವ ದಫ್ತರವೂ ಗುರುತಿಸಲಾರದು. ಹತ್ತು ಹದಿನಾಲ್ಕು ದಿನಗಳಾದರೂ ನರಕ್ಕೆ ಔಷಧಿ ಕೊಟ್ಟು, ನಂತರ ಕನಿಷ್ಠ ಮೂರು ತಿಂಗಳು ಗುಳಿಗೆ ನುಂಗಿಸುವ ಚಿಕಿತ್ಸಾಕ್ರಮವು ಈ ಅಡಗುವಿಕೆಗೆ ಕೊಟ್ಟ ಉತ್ತರ. ಕೂಲಿಯ ಮೇಲೆ ಬದುಕುವ ಮನೆಯಲ್ಲಿ, ಜ್ವರ ಬಿಟ್ಟ ಮೇಲೂ ಮೂರು ತಿಂಗಳ ಗುಳಿಗೆ ಸುಲಭದ ಮಾತಲ್ಲ.

ಕರಾವಳಿಗೆ ಈ ತಿಳಿವಳಿಕೆ ಬಂದ ದಾರಿ ಮಣಿಪಾಲದ್ದು ಮತ್ತು ಮಂಗಳೂರಿನದು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಯು ಉತ್ತರದ ಬೈಂದೂರಿನವರೆಗಿನ ಸೀಮೆಗೆ ಹತ್ತಿರದ ದೊಡ್ಡ ಆಸ್ಪತ್ರೆ. ಹೊಸ ಶತಮಾನದ ಮೊದಲ ದಶಕದಿಂದ ಅಲ್ಲಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಚಿರಂಜಯ್ ಮುಖೋಪಾಧ್ಯಾಯ ಮತ್ತು ಸಂಗಡಿಗರು ಈ ರೋಗದ ಬಗ್ಗೆ ನಿರಂತರವಾಗಿ ಬರೆದರು. ಪಶ್ಚಿಮ ಕರಾವಳಿಯ 95 ಪ್ರಕರಣಗಳನ್ನು ವಿಶ್ಲೇಷಿಸಿದ ಮಂಗಳೂರಿನ ವೈದ್ಯರ ಲೇಖನ 2012ರಲ್ಲಿ ಪ್ರಕಟವಾಯಿತು. ಎಲ್ಲೆಡೆಯಂತೆ ಇಲ್ಲಿಯೂ ಎದ್ದು ಕಾಣುವುದು ಮಳೆಗಾಲ ಮತ್ತು ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆಯವರ ನ್ಯೂಟ್ರೋಫಿಲ್‌ಗಳು ಈ ಬ್ಯಾಕ್ಟೀರಿಯವನ್ನು ನುಂಗುವುದರಲ್ಲಿ ಹಿಂದೆ ಬೀಳುತ್ತವೆಂದು 2009ರಲ್ಲಿ, ಬಲೆ ಬೀಸುವುದರಲ್ಲೂ ದುರ್ಬಲವೆಂದು 2012ರಲ್ಲಿ ಥಾಯ್ಲೆಂಡಿನ ಪ್ರಯೋಗಗಳು ತೋರಿಸಿದವು. ಭತ್ತದ ಗದ್ದೆ ಹಳೆಯದು, ಬ್ಯಾಕ್ಟೀರಿಯವೂ ಬಹುಶಃ ಹಳೆಯದೇ. ಹಳ್ಳಿಯಲ್ಲಿ ಸಕ್ಕರೆ ಕಾಯಿಲೆ ಇಷ್ಟು ಹರಡಿರುವುದು ಹೊಸದು. ರೋಗದ ಏರಿಕೆಯಲ್ಲಿ ಗುರುತಿಸುವ ಶಕ್ತಿ ಬೆಳೆದುದರ ಪಾಲೆಷ್ಟು, ಮನುಷ್ಯನ ರಕ್ತವೇ ಬದಲಾದುದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ತಗುಲಿ 89,000 ಮಂದಿ ಸಾಯುತ್ತಾರೆಂದು, ಆ ಹೊರೆಯ ದೊಡ್ಡ ಪಾಲು ದಕ್ಷಿಣ ಏಷ್ಯದ್ದೆಂದು 2016ರ ಅಂದಾಜು ಹೇಳಿತು.

ಮಣ್ಣಿನ ಸಾಕ್ಷ್ಯ ಬಂದುದು ಇನ್ನೂ ಇತ್ತೀಚೆಗೆ. ನೈಋತ್ಯ ಭಾರತದ ಎರಡು ಪ್ರದೇಶಗಳಲ್ಲಿ 2016ರ ಜುಲೈಯಿಂದ 2018ರ ನವೆಂಬರ್‌ವರೆಗೆ 20 ಕೃಷಿಭೂಮಿಗಳಿಂದ 1,704 ಮಣ್ಣಿನ ಮಾದರಿಗಳನ್ನು ಮಣಿಪಾಲದ ಮತ್ತು ಆಸ್ಟ್ರಿಯದ ಸಂಶೋಧಕರು ಪರೀಕ್ಷಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಡಿ.ಎನ್.ಎ. ಪರೀಕ್ಷೆಯಲ್ಲಿ 517 ಮಾದರಿಗಳು, ಇಪ್ಪತ್ತಕ್ಕೆ ಇಪ್ಪತ್ತು ಭೂಮಿಗಳೂ ಬ್ಯಾಕ್ಟೀರಿಯದ ಸುಳಿವು ಕೊಟ್ಟವು. ಮಳೆಗಾಲದಲ್ಲಿ ಪ್ರಮಾಣ ಅತ್ಯಧಿಕ. ಅದೇ ಮಣ್ಣನ್ನು ಕಲ್ಚರ್ ತಟ್ಟೆಯಲ್ಲಿ ಬೆಳೆಸಿದಾಗ ಸಿಕ್ಕಿದ್ದು ಎರಡೇ ಮಾದರಿಗಳಲ್ಲಿ. ತಟ್ಟೆಯೊಂದನ್ನೇ ನೆಚ್ಚಿದ್ದರೆ ಆ ಮಣ್ಣು ಬಹುತೇಕ ಶುದ್ಧವೆಂದು ಬರೆಯಬೇಕಾಗುತ್ತಿತ್ತು. ಮಣಿಪಾಲದಲ್ಲಿ ಪರಿಶೀಲಿಸಿ 2018ರಲ್ಲಿ ವರದಿ ಮಾಡಿದ ಶೀಘ್ರ ಪರೀಕ್ಷಾ ಪಟ್ಟಿಯು ಹಿಡಿಯುವುದು ಬ್ಯಾಕ್ಟೀರಿಯದ ಕವಚದ ಸಕ್ಕರೆಯನ್ನೇ. ರಕ್ತದ ಕಾವಲನ್ನು ವಂಚಿಸಿದ ಕವಚವೇ ಅದರ ಗುರುತಾಯಿತು.

ಮುಂದೆ ಈ ಸೀಮೆಯ ರೋಗನಕ್ಷೆಯನ್ನು ಬರೆಯುವವರಿಗೆ ಇನ್ನೊಂದು ತೊಡಕಿದೆ. ಉಡುಪಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಬೈಂದೂರು, ಬ್ರಹ್ಮಾವರಗಳು ತಾಲ್ಲೂಕುಗಳಾದದ್ದು 2018ರಲ್ಲಿ. ಅದಕ್ಕೆ ಹಿಂದಿನ ತಾಲ್ಲೂಕುವಾರು ಲೆಕ್ಕದಲ್ಲಿ ಬೈಂದೂರಿನ ರೋಗಿ ಕುಂದಾಪುರದವನು, ಬ್ರಹ್ಮಾವರದ ರೋಗಿ ಉಡುಪಿಯವನು. ತಾಲ್ಲೂಕಿನ ಹೆಸರನ್ನು ಬಿಟ್ಟು ಗ್ರಾಮದ ಹೆಸರನ್ನು, ಸಾಧ್ಯವಾದರೆ ಗದ್ದೆಯು ಬೈಲೋ ಮಜಲೋ ಬೆಟ್ಟೋ ಎಂಬುದನ್ನು ಹಿಡಿದು ಹೋಗದೆ ಹಳೆಯ ಪ್ರಕರಣಗಳನ್ನು ಇಂದಿನ ಮಣ್ಣಿನ ಫಲಿತಾಂಶಗಳೊಡನೆ ಹೊಂದಿಸಲಾಗುವುದಿಲ್ಲ.