ಸಿ ಅಕ್ಷರ ಯು ಆದಾಗ: ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದ ಡಿಎನ್‌ಎ ಗಾಯ

ಬೆಂಗಳೂರು ಬಿಟ್ಟು ಪುಣೆ, ಹೈದರಾಬಾದ್, ನೋಯ್ಡಾ ಅಂತ ಹಂಚಿ ಹೋಗಿರುವ ನಮ್ಮಲ್ಲಿ ಎಷ್ಟೋ ಜನ ಬಸ್ಸಲ್ಲಿ ಕೂತು ಯಶವಂತಪುರದ ಹತ್ತಿರ ಆ ಉದ್ದ ಕಾಂಪೌಂಡು ದಾಟಿದವರು. ಕಂಡಕ್ಟರ್ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್, ಪೇಪರಲ್ಲಿ ಐಐಎಸ್‌ಸಿ. ಒಳಗೆ ಏನು ನಡೆಯುತ್ತೆ ಅಂತ ಕೇಳಿದವರು ಕಡಿಮೆ. ಡಿಎನ್‌ಎಗೆ ಆಗುವ ಒಂದು ಸಣ್ಣ ಗಾಯ, ಅದರ ಆಕಾರ, ಅದನ್ನು ಹುಡುಕುವ ಒಂದು ಕಿಣ್ವ: ಇದರ ಬೆನ್ನು ಹತ್ತಿ ಅಲ್ಲಿ ಎರಡು ಲ್ಯಾಬು ದಶಕಗಟ್ಟಲೆ ಕೆಲಸ ಮಾಡಿವೆ. ಇವತ್ತು ಹೇಳೋದು ಅದೇ ಕಥೆ.

ಡಿಎನ್‌ಎ ಹಾಳಾಗೋದು ಅಂದ್ರೆ ಬಿಸಿಲು, ಸಿಗರೇಟು, ಎಕ್ಸ್-ರೇ ನೆನಪಾಗುತ್ತೆ. ಅವೂ ನಿಜ. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯೂ ಹಾಳು ಮಾಡುವುದು ನೀರು. ಜೀವಕೋಶದ ಒಳಗಿರುವ ಬರೀ ನೀರು. 1970ರ ದಶಕದ ಮೊದಲಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾದಲ್ಲಿದ್ದ ಥಾಮಸ್ ಲಿಂಡಾಲ್ ಇದನ್ನು ಅಳೆದರು. ನಮ್ಮ ಒಂದೊಂದು ಕೋಶದಲ್ಲೂ ದಿನಕ್ಕೆ ಸುಮಾರು 10,000 ಕಡೆ ಡಿಎನ್‌ಎಯ ಅಕ್ಷರ ಕಳಚಿ ಬೀಳುತ್ತೆ, ನೂರಾರು ಕಡೆ ಅಕ್ಷರವೇ ಬದಲಾಗುತ್ತೆ ಅನ್ನುವ ಮಟ್ಟದ ಲೆಕ್ಕ ಅದು. ಹೀಗಾದರೆ ಜೀವ ಉಳಿಯಲೇಬಾರದು. ಉಳಿದಿದೆ ಅಂದ್ಮೇಲೆ ಯಾರೋ ರಿಪೇರಿ ಮಾಡ್ತಿರಬೇಕು! 1974ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಅಂಥ ಒಂದು ಕಿಣ್ವ ಅವರಿಗೆ ಸಿಕ್ಕಿತು. ಈಗ ಅದಕ್ಕೆ ಯುರಾಸಿಲ್ ಡಿಎನ್‌ಎ ಗ್ಲೈಕೋಸಿಲೇಸ್ ಅಂತಾರೆ, ಚಿಕ್ಕದಾಗಿ ಯುಡಿಜಿ. ಅದೇ ವರ್ಷ ಫ್ರಾನ್ಸಿಸ್ ಕ್ರಿಕ್, ಡಬಲ್ ಹೀಲಿಕ್ಸ್ ಹೊಳೆದಾಗ ರಿಪೇರಿ ಕಿಣ್ವಗಳ ಪಾತ್ರ ತಮ್ಮ ಗಮನಕ್ಕೇ ಬಂದಿರಲಿಲ್ಲ ಅಂತ ಬರೆದುಕೊಂಡರು. ಲಿಂಡಾಲ್‌ಗೆ ನೊಬೆಲ್ ಬಂದದ್ದು 2015ರಲ್ಲಿ, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಜೊತೆ.

ಈಗ ಗಾಯದ ರಚನೆ ನೋಡೋಣ. ಸಿ ಅಂದರೆ ಸೈಟೋಸಿನ್. ಅದರ ಉಂಗುರದ ಒಂದು ಮೂಲೆಯಲ್ಲಿ ಒಂದು ನೈಟ್ರೋಜನ್, ಎರಡು ಹೈಡ್ರೋಜನ್ ಸೇರಿದ ಗುಂಪು ಅಂಟಿಕೊಂಡಿದೆ. ನೀರಿನ ಅಣು ಬಂದು ಅದನ್ನು ಕಿತ್ತು ಅಲ್ಲಿ ಆಕ್ಸಿಜನ್ ಕೂರಿಸುತ್ತೆ, ಅಮೋನಿಯಾ ಹೊರಗೆ ಹೋಗುತ್ತೆ. ಸಿ ಈಗ ಯು ಆಯ್ತು, ಅಂದರೆ ಯುರಾಸಿಲ್. ಅಷ್ಟೇ ಗಾಯ. ಏಣಿ ಮುರಿಯಲ್ಲ, ಎಳೆ ಹರಿಯಲ್ಲ. ಎದುರಿಗಿರುವ ಜಿ ಜೊತೆ ಈ ಯು ಸ್ವಲ್ಪ ಜರುಗಿ, ಓರೆಯಾಗಿ ಕೈ ಹಿಡಿದುಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಿಲ್ಡ್ ಪಾಸ್, ಲಾಜಿಕ್ ತಪ್ಪು. ಕೋಶ ಇಬ್ಭಾಗವಾಗುವಾಗ ನಕಲು ಯಂತ್ರ ಯು ನೋಡಿ ಎದುರಿಗೆ ಎ ಹಾಕುತ್ತೆ. ಮುಂದಿನ ನಕಲಿನಲ್ಲಿ ಆ ಎ ಎದುರು ಟಿ ಬರುತ್ತೆ. ಸಿ ಇದ್ದ ಜಾಗದಲ್ಲಿ ಟಿ ಖಾಯಂ.

ಆರ್‌ಎನ್‌ಎಯಲ್ಲಿ ಯು ಇರುತ್ತೆ, ಡಿಎನ್‌ಎಯಲ್ಲಿ ಮಾತ್ರ ಯಾಕೆ ಟಿ ಅಂತ ಪಿಯುಸಿಯಲ್ಲಿ ಯಾರೂ ಹೇಳಿಕೊಡಲಿಲ್ಲ, ಉರು ಹೊಡೆದದ್ದೇ ಬಂತು. ಉತ್ತರ ಇಲ್ಲಿದೆ. ಟಿ ಅಂದರೆ ಯುಗೆ ಒಂದು ಮೀಥೈಲ್ ಗುಂಪು ಅಂಟಿಸಿದ್ದು. ಆ ಗುರುತು ಇರೋದರಿಂದಲೇ, ಗುರುತಿಲ್ಲದ ಯು ಕಂಡರೆ ಅದು ಇಲ್ಲಿಯದಲ್ಲ ಅಂತ ಕಿಣ್ವಕ್ಕೆ ಗೊತ್ತಾಗುತ್ತೆ.

ಇದನ್ನೆಲ್ಲ ಪರಮಾಣು ಮಟ್ಟದಲ್ಲಿ ನೋಡೋಕೆ ಹರಳು ಬೇಕು, ಎಕ್ಸ್-ರೇ ಬೇಕು, ತಾಳ್ಮೆ ಬೇಕು. ಐಐಎಸ್‌ಸಿಯಲ್ಲಿ ಆ ಪರಂಪರೆ ಹಳೆಯದು. ಅಲ್ಲಿನ ಎಂ.ಎ. ವಿಶ್ವಾಮಿತ್ರ 1978ರಲ್ಲಿ ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಜೊತೆ ಸೇರಿ, ಎ-ಟಿ-ಎ-ಟಿ ಅನ್ನುವ ನಾಲ್ಕೇ ಅಕ್ಷರದ ಡಿಎನ್‌ಎ ತುಣುಕಿನ ರಚನೆಯನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1953ರ ಮಾದರಿ ನಾರುಗಳ ಚಿತ್ರದಿಂದ ಊಹಿಸಿದ್ದು. ಇಲ್ಲಿ ಎ-ಟಿ ಜೋಡಿ ಪರಮಾಣು ಸಮೇತ ಕಾಣಿಸಿತು. ಪಠ್ಯಪುಸ್ತಕದ ಏಣಿ ಎಲ್ಲ ಕಡೆ ಒಂದೇ ಸಮ ಇಲ್ಲ, ಅಕ್ಷರಕ್ಕೆ ತಕ್ಕಂತೆ ಆಕಾರ ಬದಲಾಗುತ್ತೆ ಅನ್ನುವುದೂ ಕಂಡಿತು. ಅವರ ಶಿಷ್ಯ ಎಂ. ವಿಜಯನ್. ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಜೊತೆ ಇನ್ಸುಲಿನ್ ರಚನೆ ಬಿಡಿಸಿ ವಾಪಸ್ ಬಂದವರು. ಆಮೇಲೆ ಇಲ್ಲಿ ಕಡಲೆಕಾಯಿಯ ಲೆಕ್ಟಿನ್ ಪ್ರೋಟೀನಿನ ರಚನೆ ಬಿಡಿಸಿದರು. ಪರಿಷೆಯ ಊರಿಗೆ ಸರಿಯಾದ ಕೆಲಸವೇ ಬಿಡಿ!

ಅದೇ ಕ್ಯಾಂಪಸ್‌ನಲ್ಲಿ ಉಮೇಶ್ ವಾರ್ಷ್ಣೇಯ ಇದ್ದರು. ಕೆನಡಾದ ಕ್ಯಾಲ್ಗರಿಯಲ್ಲಿದ್ದಾಗಲೇ ಇ. ಕೋಲೈನ ಯುಡಿಜಿ ಜೀನ್ ಓದಿ 1988ರಲ್ಲಿ ಪ್ರಕಟಿಸಿದ್ದವರು. ಇಬ್ಬರ ಲ್ಯಾಬು ಸೇರಿ 1998ರಲ್ಲಿ ಇ. ಕೋಲೈ ಯುಡಿಜಿಯ ರಚನೆ ಹೊರಗೆ ತಂದವು. ಒಂಟಿಯಾಗಲ್ಲ, ಯುಜಿಐ ಅನ್ನುವ ವೈರಿಯ ಜೊತೆ ಕಚ್ಚಿಕೊಂಡ ಸ್ಥಿತಿಯಲ್ಲಿ. ಈ ಯುಜಿಐ ಒಂದು ಮಜಾ ಪ್ರೋಟೀನು. ಬ್ಯಾಕ್ಟೀರಿಯಾವನ್ನು ತಿನ್ನುವ ಒಂದು ವೈರಸ್ಸು ತನ್ನ ಡಿಎನ್‌ಎಯಲ್ಲಿ ಟಿ ಬದಲು ಯು ಇಟ್ಟುಕೊಂಡಿದೆ. ಒಳಗೆ ನುಗ್ಗಿದ ಕೂಡಲೇ ಯುಡಿಜಿ ಅದನ್ನು ಚಿಂದಿ ಮಾಡಬೇಕು. ಅದಕ್ಕೇ ಅದು ಡಿಎನ್‌ಎ ವೇಷ ಹಾಕಿದ ಯುಜಿಐ ತಯಾರಿಸಿ ಕಿಣ್ವದ ಬಾಯಿಗೆ ತುರುಕುತ್ತೆ. ಇವತ್ತಿನ ಕ್ರಿಸ್ಪರ್ ಬೇಸ್ ಎಡಿಟರ್‌ಗಳಲ್ಲೂ ಇದೇ ಯುಜಿಐ ಬಳಸ್ತಾರೆ.

ಕಿಣ್ವ ಕೆಲಸ ಮಾಡುವ ರೀತಿ ಹೀಗೆ. ಅದು ಯುವನ್ನು ಏಣಿಯ ಒಳಗಿದ್ದಂತೆಯೇ ಓದಲ್ಲ. ಡಿಎನ್‌ಎಯನ್ನು ಬಗ್ಗಿಸಿ ಆ ಅಕ್ಷರವನ್ನು ಹೊರಕ್ಕೆ ಮಗುಚಿ ತನ್ನ ಜೇಬಿಗೆ ಇಳಿಸುತ್ತೆ. ಜೇಬಿನ ಬಾಗಿಲಲ್ಲಿ ಒಂದು ಟೈರೋಸಿನ್ ಕಾವಲಿದೆ. ಟಿಯ ಮೀಥೈಲ್ ಅದಕ್ಕೆ ತಾಗಿ ಒಳಗೆ ಹೋಗಲ್ಲ. ಯು ನೆಟ್ಟಗೆ ಕೂರುತ್ತೆ. ಆಮೇಲೆ ಯು ಮತ್ತು ಸಕ್ಕರೆಯ ನಡುವಿನ ಬಂಧ ಕತ್ತರಿಸುತ್ತೆ. ಉಳಿಯುವುದು ಇನ್ನೊಂದು ಗಾಯ: ಬೆನ್ನೆಲುಬು ಇದೆ, ಅಕ್ಷರ ಇಲ್ಲ. ಆ ಖಾಲಿ ಜಾಗವನ್ನು ಬೇರೆ ಕಿಣ್ವಗಳು ಕತ್ತರಿಸಿ, ತುಂಬಿ, ಹೊಲಿಯುತ್ತವೆ.

ಇದು ಯಾಕೆ ನನ್ನ ತಲೆಗೆ ಹೊಕ್ಕಿತು ಹೇಳ್ತೀನಿ. ಹೆಂಡತಿ ಕೆಲಸದಿಂದಾಗಿ ಎರಡು ವರ್ಷದಿಂದ ನಾವಿರೋದು ಮಾಲೇಗಾಂವ್‌ನಲ್ಲಿ. ನನಗೆ ವರ್ಕ್ ಫ್ರಮ್ ಹೋಮ್. ಶುಕ್ರವಾರ ಒಂದು ದಿನ ಬಿಟ್ಟರೆ ಪವರ್‌ಲೂಮ್ ಸದ್ದು ನಿಲ್ಲಲ್ಲ. ಕೆಳಗಿನ ಮನೆ ಚಾಚಾ ಮಗ್ಗದ ಕೆಲಸದವರು. ಹರಿದ ಎಳೆ ಯಾರಿಗಾದ್ರೂ ಕಾಣುತ್ತೆ, ಬಣ್ಣ ಒಂದಿಷ್ಟೇ ತಪ್ಪಿದ ಎಳೆ ಹಿಡಿಯೋದು ಕಷ್ಟ ಅಂತ ಒಮ್ಮೆ ಹೇಳಿದ್ದರು. ನನಗೆ ಓರೆಯಾಗಿ ಕೂತ ಯು ನೆನಪಾಯ್ತು. ಹೋದ ವರ್ಷ ಅವರ ಕೆಮ್ಮು ಬಿಡದೇ ಸಿಬಿನಾಟ್ ಟೆಸ್ಟ್ ಆಯ್ತು. ರಿಪೋರ್ಟ್ ಇಂಗ್ಲಿಷಿನಲ್ಲಿತ್ತು, ಓದು ಬೇಟಾ ಅಂತ ಕೊಟ್ಟರು. ಟಿಬಿ ಇದೆ. ರಿಫಾಂಪಿಸಿನ್ ಪ್ರತಿರೋಧ ಇಲ್ಲ. ಎರಡನೇ ಸಾಲು ಓದುವಾಗ ನನ್ನ ಉಸಿರು ಬಿಗಿಯಾಗಿತ್ತು.

ಆ ಯಂತ್ರ ಟಿಬಿ ಬ್ಯಾಕ್ಟೀರಿಯಾದ ಒಂದು ಜೀನಿನ 81 ಅಕ್ಷರದ ತುಣುಕು ನೋಡುತ್ತೆ. ರಿಫಾಂಪಿಸಿನ್‌ಗೆ ಜಗ್ಗದ ಟಿಬಿಯಲ್ಲಿ ಅತಿ ಹೆಚ್ಚು ಸಿಗುವ ಬದಲಾವಣೆ ಟಿ-ಸಿ-ಜಿ ಹೋಗಿ ಟಿ-ಟಿ-ಜಿ ಆಗೋದು. ಸಿ ಇದ್ದಲ್ಲಿ ಟಿ. ಪ್ರತಿ ಸಲವೂ ನೀರಿನಿಂದಲೇ ಹೀಗಾಯ್ತು ಅನ್ನೋಕಾಗಲ್ಲ, ನಕಲು ಮಾಡುವಾಗಲೂ ಅಕ್ಷರ ತಪ್ಪುತ್ತೆ. ಆದರೆ ಯುಡಿಜಿ ತಡೆಯೋದು ಇದೇ ಜಾತಿಯ ತಪ್ಪನ್ನು.

ಟಿಬಿ ಬ್ಯಾಕ್ಟೀರಿಯಾಗೆ ಈ ಕಿಣ್ವ ಇನ್ನೂ ಮುಖ್ಯ. ಅದರ 44 ಲಕ್ಷ ಅಕ್ಷರಗಳಲ್ಲಿ ಸುಮಾರು 65 ಪರ್ಸೆಂಟ್ ಜಿ ಮತ್ತು ಸಿ. ಮೇಲಾಗಿ ಅದು ಅಡಗಿ ಕೂರುವ ನಮ್ಮ ಬಿಳಿ ರಕ್ತಕಣ ಅದರ ಮೇಲೆ ನೈಟ್ರಿಕ್ ಆಕ್ಸೈಡ್ ಚೆಲ್ಲುತ್ತೆ, ಅದರಿಂದ ಸಿ ಇನ್ನೂ ಬೇಗ ಯು ಆಗುತ್ತೆ. ವಾರ್ಷ್ಣೇಯ ಅವರ ಲ್ಯಾಬು 2003ರಲ್ಲಿ, ಟಿಬಿಯ ನಿರುಪದ್ರವಿ ನೆಂಟ ಸ್ಮೆಗ್ಮ್ಯಾಟಿಸ್‌ನಲ್ಲಿ ಯುಡಿಜಿ ತೆಗೆದು ನೋಡಿತು. ಮ್ಯುಟೇಶನ್ ಏರಿತು, ಇಲಿಯ ಬಿಳಿ ಕಣದೊಳಗೆ ಬದುಕುವ ಶಕ್ತಿಯೂ ಇಳಿಯಿತು. 2008ರಲ್ಲಿ ಟಿಬಿ ಯುಡಿಜಿಯ ರಚನೆಯೇ ಬಂತು, ಮತ್ತೆ ವಿಜಯನ್ ಜೊತೆ. ಹಾಗಾದರೆ ಈ ಕಿಣ್ವವನ್ನು ಕಟ್ಟಿಹಾಕುವ ಔಷಧ ಮಾಡಬಹುದಲ್ಲ ಅಂತ ನೀವು ಕೇಳ್ತೀರಿ. ನನಗೆ ಅದು ಇಬ್ಬಾಯಿಯ ಕತ್ತಿ ಅನಿಸುತ್ತೆ. ಬ್ಯಾಕ್ಟೀರಿಯಾ ಸೋಲುತ್ತೆ ಸರಿ, ಆದರೆ ಸಾಯದೇ ಉಳಿದದ್ದು ಬೇಗ ಬೇಗ ಅಕ್ಷರ ಬದಲಿಸುತ್ತೆ. ಚಾಚಾ ರಿಪೋರ್ಟಿನ ಎರಡನೇ ಸಾಲು ಉಲ್ಟಾ ಆಗುವ ದಾರಿ ಅದು.

2015ರಲ್ಲಿ ಅದೇ ಲ್ಯಾಬಿಗೆ ಸ್ಮೆಗ್ಮ್ಯಾಟಿಸ್‌ನಲ್ಲಿ ಇನ್ನೊಂದು ಸಿಕ್ಕಿತು, ಹೆಸರು ಯುಡಿಜಿಎಕ್ಸ್. ಇದು ಯು ಇರುವ ಡಿಎನ್‌ಎಯನ್ನು ಹಿಡಿದರೆ ಬಿಡಲ್ಲ. ಡಿಟರ್ಜೆಂಟ್ ಹಾಕಿದರೂ, ಕಾಯಿಸಿದರೂ ಜಪ್ಪಯ್ಯ ಅನ್ನಲ್ಲ. ಯಾಕೆ ಅಂತ ಗೊತ್ತಾದದ್ದು 2019ರಲ್ಲಿ, ಕೊರಿಯಾದ ತಂಡದ ಜೊತೆ ರಚನೆ ಬಿಡಿಸಿದಾಗ. ಅದು ಯು ಕಿತ್ತು ಹಾಕುತ್ತೆ, ಆಮೇಲೆ ತನ್ನ 109ನೇ ಜಾಗದ ಹಿಸ್ಟಿಡಿನ್ನನ್ನು ಖಾಲಿ ಸಕ್ಕರೆಗೆ ತಾನೇ ಬೆಸೆದುಕೊಂಡು ಬಿಡುತ್ತೆ. ಒಂದು ಗಾಯಕ್ಕೆ ಒಂದು ಪ್ರೋಟೀನು, ಮತ್ತೆ ಬಳಕೆಗೆ ಬರಲ್ಲ. ಈಗ ಮನುಷ್ಯರ ಡಿಎನ್‌ಎಯಲ್ಲಿ ಯು ಎಲ್ಲೆಲ್ಲಿದೆ ಅಂತ ಹುಡುಕೋಕೂ ಅದನ್ನೇ ಗುರುತು ಚೀಟಿಯ ಹಾಗೆ ಅಂಟಿಸ್ತಾರೆ.